ಅಟ್ಟ ಮೂಕಾದ ವರ್ಷ

ತೆಂಗಿನಕಾಯಿ ಮನುಷ್ಯರ ತಲೆಯ ಮೇಲೆ ಯಾಕೆ ಬೀಳುವುದಿಲ್ಲ ಎಂಬುದೇ ಸುವರ್ಣಮ್ಮ ಬಾಯಿ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ ಎಂದು ಅವಳ ತವರಿನಲ್ಲಿ ಹೇಳುತ್ತಿದ್ದರು. ದಂಡಿನಶಿವರದ ಪಕ್ಕದ ಆ ಹಳ್ಳಿಯಲ್ಲಿ ಎಲ್ಲಿ ನಿಂತರೂ ತೆಂಗಿನ ಮರದ ಕೆಳಗೇ ನಿಲ್ಲಬೇಕು. ಮನೆ ಅದರ ಕೆಳಗೆ, ಕೊಟ್ಟಿಗೆ ಅದರ ಕೆಳಗೆ, ಊರಿನ ಪಂಚಾಯಿತಿ ಸೇರುವುದೂ ಅದರ ಕೆಳಗೇ. ಕಾಯಿ ಬೀಳುತ್ತಲೇ ಇರುತ್ತವೆ, ತಲೆ ಒಡೆಸಿಕೊಂಡವರು ಮಾತ್ರ ಇಲ್ಲ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬಂದ ದೊಡ್ಡವರಿಗೆ ಇದರಲ್ಲಿ ವಿಚಾರಿಸುವಂಥದ್ದು ಏನೂ ಕಂಡಿರಲಿಲ್ಲ. ಕಂಡದ್ದು ಆ ಮೋಟು ಲಂಗದ ಹುಡುಗಿಯೊಬ್ಬಳಿಗೇ.

ಅವಳಪ್ಪ ಮರುಳಸಿದ್ದಯ್ಯ ಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸಿ, ಸ್ವಲ್ಪ ಹೊತ್ತು ಮರದ ತುದಿ ನೋಡಿ ಯೋಚನೆ ಮಾಡಿದನಂತೆ.

"ಅದಕ್ಕೆ ಮೂರು ಕಣ್ಣೈತಲ್ಲ ಮಗ. ಎರಡ್ರಲ್ಲಿ ಕೆಳಗೆ ಯಾರವ್ರೆ ಅಂತ ನೋಡ್ತದೆ, ಒಂದ್ರಲ್ಲಿ ಖಾಲಿ ಜಾಗ ನೋಡ್ತದೆ. ಆಮ್ಯಾಕೆ ಬೀಳ್ತದೆ."

ಅದು ಸರಿಯೋ ತಪ್ಪೋ ಬೇರೆ ಮಾತು. ಒಂದು ಹೆಣ್ಣು ಕೂಸು ಕೇಳಿದ್ದಕ್ಕೆ ಒಬ್ಬ ಗಂಡಸು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಉತ್ತರ ಕೊಟ್ಟನಲ್ಲ, ಅದು ದೊಡ್ಡದು. ನಮ್ಮ ಕಡೆ ಮಕ್ಕಳ ಪ್ರಶ್ನೆಗೆಲ್ಲ ಇರುವುದು ಒಂದೇ ಉತ್ತರ: "ಸುಮ್ಕಿರು, ತಲೆ ತಿನ್ಬೇಡ." ಮರುಳಸಿದ್ದಯ್ಯನ ಬಾಯಲ್ಲಿ ಆ ಮಾತು ಯಾವತ್ತೂ ಬರಲಿಲ್ಲ. ಬಾವಿಗೆ ಬಗ್ಗಿ ಕೂಗಿದರೆ ಬಾವಿ ಯಾಕೆ ತಿರುಗಿ ಕೂಗುತ್ತದೆ ಎಂದರೆ, "ಪಾಪ, ಅದು ಇನ್ನೂ ಮಾತು ಕಲೀತೈತೆ, ಹೇಳ್ಕೊಟ್ಟಷ್ಟೇ ಹೇಳ್ತದೆ" ಅನ್ನುತ್ತಿದ್ದ. ಕಾಗೆ ತಲೆ ಓರೆ ಮಾಡಿ ಯಾಕೆ ನೋಡುತ್ತದೆ, ಇರುವೆಗೆ ದಾರಿ ಯಾರು ತೋರಿಸುತ್ತಾರೆ, ರಾಗಿ ಮುದ್ದೆ ಉಂಡೆಯಾಗುವಾಗ ಅನ್ನ ಯಾಕೆ ಆಗುವುದಿಲ್ಲ — ಎಲ್ಲಕ್ಕೂ ಅವನ ಹತ್ತಿರ ಏನೋ ಒಂದು ಇರುತ್ತಿತ್ತು. ಇಲ್ಲದಿದ್ದರೆ ಅಲ್ಲೇ ಕೂತು ಕಟ್ಟಿ ಹೇಳುತ್ತಿದ್ದ. ಅವನ ಹೆಂಡತಿ ಒಳಗಿನಿಂದ, "ಅವಳಿಗಂತೂ ಬುದ್ಧಿ ಇಲ್ಲ, ನಿಮಗೇನಾಗೈತೆ?" ಎಂದು ರೇಗುತ್ತಿದ್ದಳು.

ಆ ಸೀಮೆಯ ಮನೆಗಳ ಒಳಗೆ ಇನ್ನೊಂದು ಮನೆ ಇರುತ್ತದೆ. ಅದೇ ಅಟ್ಟ. ಬಲಿತ ಕಾಯನ್ನು ಸುಲಿಯದೆ ಮಟ್ಟೆ ಸಮೇತ ಅದರ ಮೇಲೆ ಹರಡಿಬಿಟ್ಟರೆ ಹೆಚ್ಚೂಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಕೆಳಗೆ ಜನ ಉಣ್ಣುತ್ತಾರೆ, ಜಗಳವಾಡುತ್ತಾರೆ, ಹೆರುತ್ತಾರೆ, ಸಾಯುತ್ತಾರೆ. ಒಲೆಯ ಹೊಗೆ ಅಟ್ಟಕ್ಕೆ ಹಾಸಿದ ಅಡಿಕೆ ಮರದ ಸೀಳು ದಬ್ಬೆಗಳ ಸಂದಿಯಿಂದ ಮೇಲಕ್ಕೇರುತ್ತದೆ. ಮೇಲೆ ಕಾಯಿ ತನ್ನ ಪಾಡಿಗೆ ತಾನು ಒಣಗುತ್ತ ಒಳಗೊಳಗೇ ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಎಲ್ಲವನ್ನೂ ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಿಳಿಯಬೇಕು.

ಅಟ್ಟಕ್ಕೆ ಹೋದ ಹೊಸದರಲ್ಲಿ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ. ತಿಂಗಳುಗಳು ಕಳೆದ ಹಾಗೆ ನೀರು ಬತ್ತಿ ಕಾಯಿ ಮೂಕಾಗುತ್ತದೆ. ಆಮೇಲೆ ಯಾವತ್ತೋ ಒಂದು ದಿನ ಕೊಬ್ಬರಿ ಚಿಪ್ಪನ್ನು ಬಿಟ್ಟು ಕಳಚಿಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಮರುಳಸಿದ್ದಯ್ಯನ ಮನೆಯಲ್ಲಿ ಅದಕ್ಕೆ ಕಾಯಿ ಆಡುವುದು ಅನ್ನುತ್ತಿದ್ದರು. ಹಳೆಯ ದಬ್ಬೆಗಳು ದೊಡ್ಡವರ ಭಾರ ತಡೆಯುವುದಿಲ್ಲವೆಂದು ಅವನು ಮಗಳನ್ನೇ ಮೇಲೆ ಹತ್ತಿಸುತ್ತಿದ್ದ. ತಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದ.

"ಆಡ್ತೈತಾ ಮಗ?"

"ಮೂಕು ಕಣಪ್ಪಯ್ಯ!"

"ಮೂಲೇದು ನೋಡು. ಕೈ ಮಾತು ಕೇಳ್ಬೇಡ ಮತ್ತೆ. ಅರ್ಧ ಚಿಪ್ಪು ಬುಟ್ಟಿರೋ ಕೊಬ್ರೀನೂ ಕೈಗೆ ಟಕ್ ಅಂತದೆ. ಕೈ ಸುಳ್ಳು ಹೇಳ್ತದೆ, ಕಿವಿ ಹೇಳಲ್ಲ."

ಸುವರ್ಣಮ್ಮನಿಗೆ ಅಪ್ಪನ ಉತ್ತರಗಳೆಲ್ಲ ಅವನ ದನಿಯ ಸಮೇತ ನೆನಪಿದ್ದವು, ಒಂದನ್ನು ಬಿಟ್ಟು. ಅವಳಿಗೆ ಆಗ ಆರೋ ಏಳೋ. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಕೋಲು ಕೋಲಾಗಿ ಅಟ್ಟದ ಮೇಲೆ ಬಿದ್ದಿತ್ತು. ಹೋದ ಸಲ ಕುಲುಕುತ್ತಿದ್ದ ಕಾಯಿ ಈ ಸಲ ಮೂಕಾಗಿತ್ತು. ಕಾಯಿಗೆ ಎಲ್ಲೂ ತೂತಿಲ್ಲ, ಬಿರುಕಿಲ್ಲ, ಕೆಳಗೆ ಒಂದು ಹನಿ ಸೋರಿಲ್ಲ. ಅವಳು ಅಲ್ಲಿಂದಲೇ ಕೂಗಿ ಕೇಳಿದಳು: "ಅಪ್ಪಯ್ಯಾ, ಕಾಯೊಳಗಿನ ನೀರು ಎಲ್ಲಿಗೆ ಹೋಯ್ತದೆ?" ಅಪ್ಪ ಕೆಳಗಿನಿಂದ ಏನೋ ಹೇಳಿದ. ಹೇಳುತ್ತಿರುವಾಗಲೇ ಅವಳ ಕಾಲ ಕೆಳಗಿನ ದಬ್ಬೆ ಲಟ್ಟನೆ ಮುರಿದು, ಒಂದು ಕಾಲು ಅಡುಗೆ ಮನೆಯ ಮೇಲೆ ಇಳಿಬಿತ್ತು. ಅವ್ವ ಕಿರುಚಿದಳು. ಆ ಇಳಿಬಿದ್ದ ಕಾಲನ್ನು ನೋಡಿ ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಬಿಸಿಲು, ಧೂಳು, ತರಚಿದ ಮಂಡಿ, ಅಪ್ಪನ ನಗು ಎಲ್ಲ ಉಳಿಯಿತು. ಉತ್ತರ ಮಾತ್ರ ಆ ಗದ್ದಲದಲ್ಲಿ ಎಲ್ಲೋ ಬಿದ್ದುಹೋಯಿತು. ಮತ್ತೆ ಕೇಳಿದರಾಯಿತು ಅಂದುಕೊಂಡಳು. ಅಪ್ಪ ಎಲ್ಲಿಗೆ ಹೋಗುತ್ತಾನೆ?

ಮದುವೆಯಾಗಿ ಅವಳು ಚಿಕ್ಕನಾಯಕನಹಳ್ಳಿಯ ಕಡೆ, ಗುಡ್ಡದ ಬುಡದ ಒಂದು ಊರಿಗೆ ಬಂದಳು. ಗಂಡ ಶಂಭುಲಿಂಗಯ್ಯ ಒಳ್ಳೆಯವನು, ಮಾತು ಕಮ್ಮಿ. ಮನೆಗೆ ಬಂದ ಸೊಸೆ ಬಂದ ವರ್ಷವೇ ಅಟ್ಟ ಹತ್ತಿ, "ಇನ್ನೊಂದು ತಿಂಗಳು ಬುಡಿ, ಮೂಲೆಯವು ಇನ್ನೂ ಮೂಕು" ಅಂದಾಗ ಮೊದಲು ಎಲ್ಲರೂ ನಕ್ಕರು. ಅವಳ ಮಾತು ಮೀರಿ ಇಳಿಸಿ ಒಡೆದರೆ ಮೂಲೆಯ ಕಾಯೊಳಗೆ ಕೊಬ್ಬರಿ ಇನ್ನೂ ಹಸಿಯಾಗಿ ಚಿಪ್ಪಿಗೆ ಕಚ್ಚಿಕೊಂಡಿತ್ತು. ಅಲ್ಲಿಂದ ಮುಂದೆ ಅವಳು ಹೂಂ ಅನ್ನುವವರೆಗೆ ಆ ಮನೆಯ ಅಟ್ಟದಿಂದ ಕಾಯಿ ಇಳಿಯಲಿಲ್ಲ. ಅಕ್ಕಪಕ್ಕದವರೂ ಕರೆಯತೊಡಗಿದರು. ಅವಳಿಗೆ ಅದೊಂದು ಹೆಮ್ಮೆ, ಯಾಕೆ ಇರಬಾರದು? ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಪ್ರಶ್ನೆ ಕೇಳುವ ಅಭ್ಯಾಸವೂ ಹೋಗಲಿಲ್ಲ. ಬಳೆಯವನನ್ನು, ಬಸ್ಸಿನ ಕಂಡಕ್ಟರನ್ನು, ಜಂಗಮಯ್ಯನನ್ನು, ಯಾರನ್ನೂ ಬಿಡುತ್ತಿರಲಿಲ್ಲ. ಮಗಳು ಗಿರಿಜಾಂಬಿಕಾ ಹುಟ್ಟಿ, ಮಾತು ಕಲಿತು, "ಯಾಕವ್ವಾ?" ಎಂದು ಶುರು ಮಾಡಿದಾಗ ಸುವರ್ಣಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅಪ್ಪ ಕೊಟ್ಟದ್ದನ್ನೆಲ್ಲ ದಾಟಿಸಿದಳು. ಮೂರು ಕಣ್ಣಿನ ಕಥೆ, ಬಾವಿಯ ಕಥೆ, ಕಾಗೆಯ ಕಥೆ.

ನೀರಿನ ಮಾತನ್ನು ಮಾತ್ರ ಕಾದಿಟ್ಟಿದ್ದಳು. ತವರಿಗೆ ಹೋದಾಗಲೆಲ್ಲ ಕೇಳಬೇಕು ಅಂದುಕೊಳ್ಳುವಳು, ಕೇಳದೆ ಬರುವಳು. ಮದುವೆಯಾದ ಹೆಂಗಸು ಇದನ್ನು ಕೇಳಿದರೆ ಅತ್ತಿಗೆ ನಗುತ್ತಾಳೆ ಎಂಬ ಸಂಕೋಚ ಒಂದು. ಕೇಳಿಬಿಟ್ಟರೆ ಮುಗಿದುಹೋಗುತ್ತದಲ್ಲ ಎಂಬ ಅಳುಕು ಇನ್ನೊಂದು. ತವರಿನಲ್ಲಿ ಒಂದು ಗಂಟು ಬಿಚ್ಚದೆ ಇಟ್ಟಿದ್ದೇನೆ ಅನ್ನುವುದು ಅವಳಿಗೆ ಒಳಗೊಳಗೇ ಹಿತವಾಗಿತ್ತು.

ಎಪ್ಪತ್ತೊಂಬತ್ತರಲ್ಲಿ ಗಂಡನ ಮನೆಗೆ ಗೋಬರ್ ಗ್ಯಾಸು ಬಂತು. ಕಟ್ಟಿಗೆ ಒಲೆ ಹೋಗಿ ನೀಲಿ ಉರಿಯ ಒಲೆ ಬಂತು. ಅದೇ ವರ್ಷ ಸುವರ್ಣಮ್ಮನಿಗೆ ಊರವರ ಮೇಲೆಲ್ಲ ಒಂದು ಥರ ಸಿಟ್ಟು ಶುರುವಾಯಿತು. ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ, ಬಾಯಿ ಬಿಟ್ಟು ಆಡಲು ಇವರಿಗೇನು ರೋಗ? ರೇಡಿಯೋ ಕೂಡ ಹಾಗೇ. ತಿಂಗಳಿಗೊಂದು ಸಲ ಸೆಲ್ಲು ಬದಲಾಯಿಸಿ, "ಈಗಿನ ಸೆಲ್ಲು ಎರಡು ದಿನಕ್ಕೇ ಸತ್ತೋಗ್ತವೆ" ಎಂದು ಅಂಗಡಿಯವನಿಗೆ ಬೈದು ಬಂದಳು. ಅಂಗಡಿಯವನು ಪಾಪ, ಏನೋ ಗೊಣಗಿದ. ಅದೂ ಅವಳಿಗೆ ಕೇಳಿಸಲಿಲ್ಲ.

ಶಿವರಾತ್ರಿ ಕಳೆಯಿತು. ಅವಳು ಅಟ್ಟ ಹತ್ತಿದಳು, ನಾಲ್ಕು ಮೂಲೆಯಿಂದ ಕಾಯಿ ತೆಗೆದು ಅಲ್ಲಾಡಿಸಿದಳು. ಮೂಕು. ಯುಗಾದಿ ಬಂತು, ಆಗಲೂ ಮೂಕು. ಅಕ್ಕಪಕ್ಕದ ಮನೆಗಳಲ್ಲಿ ಆಗಲೇ ಕಾಯಿ ಇಳಿಸಿ, ಚಿಪ್ಪು ಕೆತ್ತಿ, ಕೊಬ್ಬರಿ ತಿಪಟೂರಿಗೂ ಹೋಗಿತ್ತು. ಕಾಯಿ ಕೈಗೆ ಸಣ್ಣಗೆ ಟಕ್ ಅನ್ನುತ್ತಿತ್ತು, ಇಲ್ಲವೆಂದಲ್ಲ. ಆದರೆ ಕೈಯ ಮಾತು ಕೇಳಬಾರದು ಎಂಬುದು ಅವಳಿಗೆ ಎದೆಯಲ್ಲಿ ಕೂತ ಪಾಠ. ಶಂಭುಲಿಂಗಯ್ಯನೂ ಒಮ್ಮೆ ಒಂದೆರಡು ಕಾಯಿ ಅಲ್ಲಾಡಿಸಿದ. ಏನೋ ಸದ್ದು ಬಂದ ಹಾಗಿತ್ತು. ಸುವರ್ಣ ಇಲ್ಲವೆಂದ ಮೇಲೆ ತನ್ನ ಕಿವಿಯೇ ಸರಿ ಇಲ್ಲವೆಂದು ಸುಮ್ಮನಾದ. ನೋಡಿ, ನಂಬಿಕೆ ಅಂದರೆ ಹೀಗೂ ಇರುತ್ತದೆ.

ಕಾರಣ ಹುಡುಕಿದ್ದೂ ಅವಳೇ. "ಹೊಗೆ ಸಾಲ್ದು ಕಣ್ರೀ. ಈ ಹಾಳು ಗ್ಯಾಸು ಬಂದು ಅಟ್ಟಕ್ಕೆ ಹೊಗೆ ಇಲ್ದಂಗಾಯ್ತು. ಹೊಗೆ ಇಲ್ದೆ ಕೊಬ್ರಿ ಹೆಂಗೆ ಬಿಟ್ಕತದೆ?" ಗಂಡನಿಗೂ ಅದು ನಿಜವೆನ್ನಿಸಿತು. ಗೋಬರ್ ಗ್ಯಾಸಿನ ಮೂತಿ ತಿರುಗಿಸಿ, ಮತ್ತೆ ಕಟ್ಟಿಗೆ ಒಲೆ ಹೂಡಿ, ಚಿಪ್ಪು ಸುಟ್ಟು, ಅಟ್ಟಕ್ಕೆ ಹೊಗೆ ಕೊಟ್ಟರು. ಮನೆಯೆಲ್ಲ ಕಣ್ಣುರಿ. ಊರಿನ ಕೆಲವರು ಬಂದು ನೋಡಿ, ಗ್ಯಾಸು ಹಾಕಿಸಬೇಕೆಂದಿದ್ದವರು ಬೇಡವೆಂದು ಹಿಂದೆ ಸರಿದರು. ಮೇ ತಿಂಗಳಾದರೂ ಅಟ್ಟ ಮೂಕೇ ಇತ್ತು. ಸುವರ್ಣಮ್ಮ ದೇವರ ಗೂಡಿನ ಮುಂದೆ ನಿಂತು ಅತ್ತಳು. ತನ್ನ ಕೈಯಲ್ಲಿ ಮನೆಯ ಒಂದು ವರ್ಷದ ಫಸಲು ಹಾಳಾಯಿತಲ್ಲ ಎಂಬ ಅಳು ಅದು.

ಭೈರಮ್ಮ ಬಂದದ್ದು ಆಗ. ಅವಳು ಮನೆಮನೆಗೆ ಹೋಗಿ ಚಿಪ್ಪು ಕೆತ್ತಿ ಕೊಬ್ಬರಿ ತೆಗೆಯುವ ಹೆಂಗಸು. ಎಲ್ಲರ ಮನೆಯ ಕೆಲಸ ಮುಗಿದು, ಈ ಮನೆಯದು ಯಾವಾಗ ಎಂದು ವಿಚಾರಿಸಲು ಬಂದು ಜಗಲಿಯ ಮೇಲೆ ಕೂತಳು. ಶಂಭುಲಿಂಗಯ್ಯ ಬೇಸರದಿಂದ ಅಟ್ಟದಿಂದ ನಾಲ್ಕು ಕಾಯಿ ತಂದು ಅವಳ ಮುಂದೆ ಹಾಕಿದ.

"ನೀನೇ ನೋಡು ಭೈರಮ್ಮ. ನೀರೂ ಇಲ್ಲ, ಕೊಬ್ರೀನೂ ಆಡಲ್ಲ."

ಭೈರಮ್ಮ ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. ಅವಳ ಮುಖದಲ್ಲಿ ನಗು ಬಂತು. "ಅಮ್ನೋರೆ, ಏನು ತಮಾಸೆ ಮಾಡ್ತೀರಾ? ಇದು ಲೊಡಲೊಡ ಅಂತ ಕುಣೀತೈತಲ್ಲ!"

ಈ ಮಾತು ಗಟ್ಟಿಯಾಗಿಯೇ ಬಂದದ್ದರಿಂದ ಸುವರ್ಣಮ್ಮನಿಗೂ ಮುಟ್ಟಿತು. ಕಾಯಿ ಕಿತ್ತುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಏನಿಲ್ಲ. "ನಿಂಗೇನೋ ಆಗೈತೆ ಕಣೇ" ಎಂದು ಇನ್ನೊಂದು ತೆಗೆದುಕೊಂಡಳು. ಏನಿಲ್ಲ. ಐದು ವರ್ಷದ ಗಿರಿಜಾ ಓಡಿಬಂದು, ಎರಡೂ ಕೈಯಲ್ಲಿ ಒಂದನ್ನು ಎತ್ತಿ ಹಿಡಿದು ಅಲ್ಲಾಡಿಸಿ ಕಿಲಕಿಲ ನಕ್ಕಳು. "ಆಡ್ತೈತಲ್ಲವ್ವಾ!" ಶಂಭುಲಿಂಗಯ್ಯ ಅಲ್ಲಾಡಿಸಿದ. ಅವನ ಮುಖ ಮೊದಲು ಅರಳಿತು, ಆಮೇಲೆ ಮೆಲ್ಲಗೆ ಕುಗ್ಗಿತು. ಮೂವರೂ ಕಾಯನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತರು. ಸುವರ್ಣಮ್ಮ ಮಾತ್ರ ಅದನ್ನು ಹಿಡಿದು ಅಲ್ಲಾಡಿಸುತ್ತಲೇ ಇದ್ದಳು.

ಆ ದಿನವೇ ಅಟ್ಟದ ಕಾಯೆಲ್ಲ ಇಳಿಯಿತು. ಒಂದು ಮೂಲೆಗೆ ಇಲಿ ಬಿದ್ದದ್ದು ಬಿಟ್ಟರೆ ಕೊಬ್ಬರಿಗೆ ಏನೂ ಆಗಿರಲಿಲ್ಲ, ಬಂಗಾರದಂಥ ಕೊಬ್ಬರಿ. ಭೈರಮ್ಮ ಚಿಪ್ಪು ಕೆತ್ತುತ್ತ ಒಂದೊಂದೇ ಉಂಡೆ ರಾಶಿಗೆ ಹಾಕಿದಳು. ಸುವರ್ಣಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಎಲ್ಲರೂ ಮಾಡುವುದನ್ನೆಲ್ಲ ಮಾಡಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರು. ತಿಪಟೂರಿನ ಡಾಕ್ಟರು ಪಿಚಕಾರಿಯಲ್ಲಿ ಕಿವಿ ತೊಳೆದು, ಕಿವಿ ಸ್ವಚ್ಛವಾಗೇ ಇದೆ, ತೊಂದರೆ ಒಳಗಿನದು ಎಂದರು. ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಕಿವಿಗೆ ಏನೇನೋ ಸಿಕ್ಕಿಸಿ, ಸದ್ದು ಬಂದಾಗ ಬೆರಳೆತ್ತಿ ಅಂದರು. ಅವಳು ಸದ್ದು ಬಂದಿರಬಹುದು ಅನ್ನಿಸಿದಾಗಲೆಲ್ಲ ಬೆರಳೆತ್ತಿದಳು. ಡಾಕ್ಟರು ಗಂಡನಿಗೆ ಹೇಳಿದ್ದು ಇಷ್ಟು: ಕಿವಿಯ ನರ ಒಣಗುತ್ತಿದೆ. ಎಡಗಿವಿ ಹೋಗಿದೆ, ಬಲಗಿವಿ ಇನ್ನೊಂದೆರಡು ವರ್ಷ ಇರಬಹುದು. ಔಷಧಿ ಇಲ್ಲ, ಆಪರೇಷನ್ ಇಲ್ಲ. ಶಂಭುಲಿಂಗಯ್ಯ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ, ಅವಳ ಬಲಗಿವಿಗೆ ಬಾಯಿ ಇಟ್ಟು ಕೂಗಿ ಹೇಳಿದ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

"ಯಾಕಂತೆ? ಯಾಕೆ ಹಿಂಗಾಯ್ತಂತೆ?" ಎಂದಳು ಸುವರ್ಣಮ್ಮ.

"ಕೆಲವರಿಗೆ ಆಯ್ತದಂತೆ!"

ಹುಟ್ಟಿದಾಗಿನಿಂದ ಯಾಕೆ ಯಾಕೆ ಎಂದು ಕೇಳಿಕೊಂಡು ಬಂದವಳಿಗೆ, ಅವಳ ಬಾಳಿನ ದೊಡ್ಡ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಅಷ್ಟು ಓದಿದವರಿಗೆ ಹೇಳಲು ಬೇರೆ ಏನಾದರೂ ಸಿಗಬೇಕಿತ್ತು.

ಒಂದು ಮಿಷನ್ನನ್ನೂ ಕೊಟ್ಟಿದ್ದರು. ಎದೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆ, ಅದರಿಂದ ಕಿವಿಗೊಂದು ವೈರು. ಹಾಕಿಕೊಂಡರೆ ಮಾತಿನ ಬದಲು ಕಾದ ಎಣ್ಣೆ ಸಿಡಿದ ಹಾಗೆ ಬರೀ ಚಟಪಟ. ಸೀರೆಯ ಸೆರಗು ತಾಗಿದರೆ ಗುಡುಗು. ಸ್ವಲ್ಪ ದಿನ ಹಟ ಹಿಡಿದು ಹಾಕಿಕೊಂಡಳು. ಆಮೇಲೆ ಅದು ಗೋಡೆಯ ಗೂಡು ಸೇರಿ, ಅದರ ಮೇಲೆ ಕುಂಕುಮದ ಬಟ್ಟಲು ಬಂದು ಕೂತಿತು.

ಜನ ಕೆಟ್ಟವರಾಗಲಿಲ್ಲ. ಊಟಕ್ಕೆ ಏಳು, ನೀರು ಬಂತು, ಬಸ್ಸು ಬಂತು ಎಂಬುದನ್ನೆಲ್ಲ ಕೂಗಿ ಹೇಳುತ್ತಿದ್ದರು. ಆದರೆ ಕೂಗಿ ಆಡಿದ ಮಾತೆಲ್ಲ ಬೈದ ಹಾಗೇ ಇರುತ್ತದೆ. ಗಂಡ ಪ್ರೀತಿಯಿಂದ "ತಲೆನೋವು ಹೋಯ್ತಾ?" ಎಂದರೂ ಅವನ ಮುಖದ ನರಗಳು ಉಬ್ಬಿರುತ್ತಿದ್ದವು. ಮಾತು ಮೊದಲೇ ಕಮ್ಮಿಯಾಗಿದ್ದವನು ಇನ್ನೂ ಕಮ್ಮಿ ಮಾಡಿದ. ಇನ್ನು ಕಾಗೆ ತಲೆ ಯಾಕೆ ಓರೆ ಮಾಡುತ್ತದೆ ಎಂಬಂಥದ್ದಕ್ಕೆ ಗಂಟಲು ಹರಿದುಕೊಂಡು ಉತ್ತರ ಕೂಗುವವರು ಯಾರು? ಸುವರ್ಣಮ್ಮ ಕೇಳುವಳು, ಎದುರಿನವರ ತುಟಿ ಎರಡು ಸಲ ಆಡುವುದು, ಆಮೇಲೆ ಕೈ ಬೀಸಿ 'ಬುಡು ಅತ್ಲಾಗೆ' ಎಂಬ ಸನ್ನೆ. ಬರಬರುತ್ತ ಅವಳೂ ಕೇಳುವುದನ್ನು ಬಿಟ್ಟಳು.

ಗಿರಿಜಾಳದು ಇನ್ನೂ ಕಷ್ಟ. ಅವಳು ಬಂದು ಏನೋ ಕೇಳುವಳು. ಇವಳಿಗೆ ಅರ್ಧ ಮುಟ್ಟಿ, ಊಹೆಯ ಮೇಲೆ ಏನೋ ಹೇಳುವಳು. ಚಂದ್ರ ಯಾಕೆ ನಮ್ಮ ಜೊತೆಗೇ ಬರುತ್ತಾನೆ ಎಂದರೆ, "ಡಬ್ಬದಲ್ಲಿ ಐತೆ, ತಗಂಡು ತಿನ್ನು" ಅಂದಳು ಒಮ್ಮೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲಾಮೇಲೆ ನಗುವುದು ನಿಂತಿತು, ಕೇಳುವುದೂ ನಿಂತಿತು. ಅಂಗಳದಲ್ಲಿ ಭೈರಮ್ಮನ ಪಕ್ಕ ಕೂತು ಅವಳು ಮುಖ ಎತ್ತಿ ಏನೋ ವಿಚಾರಿಸುವುದನ್ನು ಸುವರ್ಣಮ್ಮ ಬಾಗಿಲಿನಿಂದ ನೋಡುತ್ತಿದ್ದಳು. ಭೈರಮ್ಮ ಏನು ಹೇಳುತ್ತಿದ್ದಳೆಂದು ತಿಳಿಯಲು ಕಿವಿ ಬೇಕಿರಲಿಲ್ಲ. ಅವಳ ಬಾಯಿ ಆಡಿದ್ದು ಒಂದೇ ಪದದಷ್ಟು. ಸುಮ್ಕಿರು.

ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಸುವರ್ಣಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತು ಅಪ್ಪನ ಉತ್ತರಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಹೊರಗಿನ ಸದ್ದು ಹೋದರೂ ಒಳಗೆ ಆ ದನಿ ಹಾಗೇ ಇತ್ತು. ಪುಣ್ಯ, ಇದನ್ನು ಯಾವ ರೋಗವೂ ಮುಟ್ಟುವುದಿಲ್ಲ ಅಂದುಕೊಂಡಳು. ಎಲ್ಲ ತೆಗೆದು ನೋಡಿದ ಮೇಲೆ ಆ ಬಿದ್ದುಹೋದ ಒಂದು ನೆನಪಾಗುವುದು. ಬಲಗಿವಿ ಪೂರ್ತಿ ಹೋಗುವುದರೊಳಗೆ ತವರಿಗೆ ಹೋಗಿ, ಅಪ್ಪನ ಬಾಯಿಂದಲೇ ಅದನ್ನು ಕೇಳಿಬಿಡಬೇಕು. ಅವಳಿಗೆ ಉಳಿದದ್ದು ಆ ಒಂದೇ ಆಸೆ. ಅವನು ಹೇಳಿದರೆ ಒಳಗೆ ಇಟ್ಟುಕೊಳ್ಳಬಹುದು. ಆಮೇಲೆ ಕಿವಿ ಇದ್ದರೆಷ್ಟು, ಹೋದರೆಷ್ಟು?

ಹೊರಡಬೇಕೆಂದಾಗ ಗಿರಿಜಾಳಿಗೆ ಮೈತುಂಬ ಸೀತಾಳೆಯ ಗುಳ್ಳೆ ಎದ್ದಿತು. ಅದು ಇಳಿಯುವ ಹೊತ್ತಿಗೆ ರಾಗಿ ಬಿತ್ತನೆ. ಬಿತ್ತನೆ ಮುಗಿದರೆ ಕಳೆ. ಗೌರಿ ಹಬ್ಬಕ್ಕೆ ಅಣ್ಣ ರೇವಣಸಿದ್ದಯ್ಯ ಕರೆಯಲು ಬರುತ್ತಾನೆಂದು ಕಾದರೆ, ಅಪ್ಪನಿಗೆ ದಮ್ಮು ಜಾಸ್ತಿಯಾಗಿ ಅವನು ಬರಲಾಗಲಿಲ್ಲ. ಹೆಂಗಸರ ಆಸೆ ಸಾಲಿನಲ್ಲಿ ಎಲ್ಲಕ್ಕೂ ಕೊನೆಗೆ ನಿಲ್ಲುತ್ತದೆ, ಅದರ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಎಂಬತ್ತೊಂದರ ಕಾರ್ತಿಕದಲ್ಲಿ ಅಂತೂ ಒಬ್ಬಳೇ ಬಸ್ಸು ಹತ್ತಿದಳು. ತಿಪಟೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಕಂಡಕ್ಟರು ಊರಿನ ಹೆಸರು ಕೂಗುವುದು ಕೇಳಿಸದೆ, ಪ್ರತಿ ಬಸ್ಸಿನ ಮುಂದೆಯೂ ನಿಂತು ಬೋರ್ಡಿನ ಅಕ್ಷರ ಒಂದೊಂದೇ ಕೂಡಿಸಿ ಓದಿದಳು.

ಮರುಳಸಿದ್ದಯ್ಯ ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಆ ದೊಡ್ಡ ಎದೆ ಗೂಡಾಗಿತ್ತು. ಮಗಳನ್ನು ಕಂಡು ಅವನ ಕಣ್ಣು ಮೊದಲಿನಂತೆಯೇ ನಕ್ಕವು. ತುಟಿ ಆಡಿತು, "ಬಂದ್ಯಾ ಮಗ." ಅದು ಅವಳಿಗೆ ಗೊತ್ತಾದದ್ದು ಕಣ್ಣಿನಿಂದ. ಅಣ್ಣ ತೋಟದಲ್ಲಿದ್ದ, ಅತ್ತಿಗೆ ಬಾವಿಗೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ಅವಳು ಸೀರೆಯ ಧೂಳನ್ನೂ ಕೊಡವದೆ ಅವನ ಪಕ್ಕ ಕೂತಳು.

"ಅಪ್ಪಯ್ಯ, ಅವತ್ತು ಅಟ್ಟದ ಮ್ಯಾಲಿಂದ ನನ್ನ ಕಾಲು ಇಳಿಬಿತ್ತಲ್ಲ, ಗ್ಯಾಪ್ನ ಐತಾ?"

ಅವನ ಭುಜ ಕುಲುಕಿತು. ನೆನಪಿತ್ತು.

"ಅವತ್ತು ಒಂದು ಮಾತು ಕೇಳಿದ್ನಲ್ಲ. ಕಾಯೊಳಗಿನ ನೀರು ಎಲ್ಲಿಗೆ ಹೋಯ್ತದೆ ಅಂತ. ಏನಂದಿದ್ರಿ? ಮರ್ತೋಗೈತೆ. ಇನ್ನೊಂದ್ಸಲ ಹೇಳಿ."

ಮುದುಕನ ಮುಖ ಅರಳಿದ್ದನ್ನು ಏನೆಂದು ಹೇಳುವುದು. ಆ ಮನೆಯಲ್ಲಿ ಅವನನ್ನು ಯಾರೂ ಏನೂ ಕೇಳದೆ ಎಷ್ಟು ಕಾಲವಾಗಿತ್ತೋ. ದಿಂಬಿನಿಂದ ಸ್ವಲ್ಪ ಮೇಲಕ್ಕೆ ಸರಿದು ಕೂತ. ಸುವರ್ಣಮ್ಮ ಬಲಗಿವಿಯನ್ನು ಅವನ ಬಾಯಿಗೆ ತೀರ ಹತ್ತಿರ ಹಿಡಿದಳು. ಅವನ ಬಿಸಿ ಉಸಿರು ಕಿವಿಗೆ ತಾಗಿತು. ಅದೊಂದೇ ತಾಗಿದ್ದು. ಗಟ್ಟಿಯಾಗಿ ಕೂಗಿದ್ದರೆ ಒಂದೆರಡು ಪದವಾದರೂ ಸಿಕ್ಕುತ್ತಿತ್ತೋ ಏನೋ, ಆದರೆ ಅವನಲ್ಲಿ ಕೂಗುವ ದಮ್ಮಿರಲಿಲ್ಲ. ಬರೀ ಉಸಿರಿನಲ್ಲಿ ಮಾತಾಡುತ್ತಿದ್ದ. ನಡುನಡುವೆ ನಿಂತು ಸುಧಾರಿಸಿಕೊಂಡ, ಮತ್ತೆ ಹೇಳಿದ. ಒಂದು ಕೈ ಮರದ ಕಡೆ ಎತ್ತಿದ, ತನ್ನ ಎದೆ ಮುಟ್ಟಿಕೊಂಡ, ಅವಳ ಕೆನ್ನೆ ಮುಟ್ಟಿದ. ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂದು ಒದ್ದಾಡಿದ. ಕೆಮ್ಮು ನಿಂತ ಮೇಲೆ ಉಳಿದದ್ದನ್ನೂ ಬಿಡದೆ ಹೇಳಿ ಮುಗಿಸಿದ. ಅಷ್ಟು ಉದ್ದದ ಉತ್ತರವನ್ನು ಅವನು ಅವಳಿಗೆ ಯಾವತ್ತೂ ಕೊಟ್ಟಿರಲಿಲ್ಲ.

ಕೊನೆಗೆ ಅವನ ತುಟಿ, "ತಿಳೀತಾ ಮಗ?" ಅಂದಿತು. ಬಾಲ್ಯವೆಲ್ಲ ನೋಡಿದ್ದ ತುಟಿ ಅದು, ಅದೊಂದು ಮಾತು ಅವಳಿಗೆ ತಪ್ಪುವ ಹಾಗಿರಲಿಲ್ಲ.

ಅವನ ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ಹಣೆಯ ಮೇಲೆ ಬೆವರು. ಇನ್ನೊಂದು ಸಲ ಹೇಳಿ ಎಂದು ಯಾವ ಬಾಯಲ್ಲಿ ಕೇಳುವುದು? ಕೇಳಿದರೂ ಏನಾಗುತ್ತಿತ್ತು?

"ಹ್ಞೂ ಅಪ್ಪಯ್ಯ," ಎಂದಳು. "ತಿಳೀತು."

ಅವನು ಸಮಾಧಾನದಿಂದ ಕಣ್ಣು ಮುಚ್ಚಿ ಒರಗಿಕೊಂಡ.

ಅಣ್ಣನಿಗೆ ಹೇಳಿ, ಅಪ್ಪನನ್ನು ಕೇಳಿಸಿ, ಅಣ್ಣನ ಸನ್ನೆಯಿಂದಲಾದರೂ ತಿಳಿದುಕೊಳ್ಳಬೇಕೆಂದು ಅವಳ ಲೆಕ್ಕ. ಸಂಜೆ ಅಪ್ಪನಿಗೆ ಉಬ್ಬಸ ಏರಿತು. ಆ ಆಯಾಸ ತನ್ನಿಂದಲೇ ಆದದ್ದೆಂದು ಗೊತ್ತಿದ್ದರಿಂದ ಬಾಯಿ ಬಿಡಲಿಲ್ಲ. ಬೆಳಗಿನ ಬಸ್ಸಿಗೆ ಹೊರಟಳು. ಪುಷ್ಯ ಮಾಸದಲ್ಲಿ ಮರುಳಸಿದ್ದಯ್ಯ ಹೋದ ಸುದ್ದಿ ಬಂತು. ಸುದ್ದಿ ತಂದವನು ಬಾಗಿಲಲ್ಲಿ ನಿಂತು ಕೂಗಿದ್ದು ಊರಿಗೆಲ್ಲ ಕೇಳಿಸಿತು, ಒಳಗೆ ಅಕ್ಕಿ ಆರಿಸುತ್ತಿದ್ದ ಅವಳಿಗೆ ಬಿಟ್ಟು.

ಮಣ್ಣು ಮುಗಿದ ಮೇಲೆ ಅಣ್ಣನನ್ನು ಕೇಳಿದಳು, ಕಾಯಿ ನೀರಿನ ವಿಷಯ ಅಪ್ಪಯ್ಯ ಏನಾದರೂ ಹೇಳುತ್ತಿದ್ದರಾ ಎಂದು. ರೇವಣಸಿದ್ದಯ್ಯ ಅವಳ ಮುಖ ನೋಡಿದ, ದುಃಖದಲ್ಲಿ ಏನೋ ಮಾತಾಡುತ್ತಿದ್ದಾಳೆಂದು ತಲೆ ಸವರಿದ. "ಯಾವ ನೀರು?" ಎಂದು ಅವನ ತುಟಿ ಆಡಿತು. ಅವನು ಅಪ್ಪನನ್ನು ಹುಟ್ಟಿದಾಗಿನಿಂದ ಏನನ್ನೂ ಕೇಳಿದವನಲ್ಲ.

ಆ ವರ್ಷದೊಳಗೆ ಬಲಗಿವಿಯೂ ಮುಗಿಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಮಧ್ಯಾಹ್ನ ಕಂಬಕ್ಕೆ ಒರಗಿ ಕೂತಾಗ ಅಪ್ಪ ಬರುತ್ತಿದ್ದ, ಸುಲಿಯುತ್ತಿದ್ದ ಕೈ ನಿಲ್ಲಿಸಿ ಮರದ ತುದಿ ನೋಡುತ್ತಿದ್ದ, ಬಾಯಿ ತೆರೆಯುತ್ತಿದ್ದ. ಮೂರು ಕಣ್ಣು, ಬಾವಿ, ಕಾಗೆ, ಮಾತುಗಳೆಲ್ಲ ಅವಳಿಗೆ ಗೊತ್ತು. ದನಿ ಮಾತ್ರ ಬರುತ್ತಿರಲಿಲ್ಲ. ರೋಗ ಮುಟ್ಟುವುದಿಲ್ಲವೆಂದು ನಂಬಿದ್ದ ಜಾಗಕ್ಕೂ ಅದು ಬಂದಿತ್ತು.

ಅಟ್ಟ ಈಗ ಗಿರಿಜಾಳ ಪಾಲಿಗೆ ಬಂದಿದೆ. ಮನೆಯಲ್ಲಿ ಹಗುರವಾಗಿರುವವಳು ಅವಳೇ. ಎಂಬತ್ತಮೂರರ ಶಿವರಾತ್ರಿ ಕಳೆದು ಅವಳು ಮೇಲೆ ಹತ್ತಿದಾಗ ಸುವರ್ಣಮ್ಮ ಕೆಳಗೆ ಏಣಿ ಹಿಡಿದು ನಿಂತಿದ್ದಳು. ತಾಯಿ ಮಗಳಿಗೆ ಅದಕ್ಕೊಂದು ಸನ್ನೆ ಇತ್ತು. ಆಡಿದರೆ ಕೈ ಬೀಸುವುದು, ಮೂಕಾಗಿದ್ದರೆ ತುಟಿಯ ಮೇಲೆ ಬೆರಳಿಡುವುದು. ಗಿರಿಜಾ ಕೈ ಬೀಸಿದಳು, ಬೀಸಿದಳು, ಒಂದು ಕಡೆ ಬೆರಳಿಟ್ಟಳು. ಆಮೇಲೆ ಇನ್ನೂ ನೀರು ಕುಲುಕುವ ಹೊಸ ಕಾಯೊಂದನ್ನೂ ಒಂದು ಮೂಕು ಕಾಯನ್ನೂ ಕಂಕುಳಲ್ಲಿ ಇರುಕಿಕೊಂಡು ಸರಸರ ಇಳಿದು ಬಂದಳು.

ಅವ್ವನ ಮುಂದೆ ನಿಂತು ಹೊಸ ಕಾಯನ್ನು ಅಲ್ಲಾಡಿಸಿದಳು. ಕೈ ಬೊಗಸೆ ಮಾಡಿ ನೀರು ಕುಡಿಯುವ ಹಾಗೆ ತೋರಿಸಿದಳು. ಮೂಕು ಕಾಯಿಯನ್ನು ಸುತ್ತ ತಿರುಗಿಸಿ, ಎಲ್ಲೂ ತೂತಿಲ್ಲವೆಂದು ಬೆರಳಾಡಿಸಿ ತೋರಿಸಿದಳು. ಕೊನೆಗೆ ಖಾಲಿ ಅಂಗೈ ಚಾಚಿ ಹುಬ್ಬು ಮೇಲೆತ್ತಿದಳು.

ಎಷ್ಟೋ ಕಾಲದ ಮೇಲೆ ಮಗಳ ಒಂದು ಪ್ರಶ್ನೆ ಅವಳನ್ನು ಪೂರ್ತಿಯಾಗಿ ಮುಟ್ಟಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಸುವರ್ಣಮ್ಮ ಏಣಿ ಬಿಟ್ಟು ಅಲ್ಲೇ ಕುಕ್ಕರಿಸಿದಳು. ಏನಾದರೂ ಕಟ್ಟಿ ಹೇಳಬಹುದಿತ್ತು, ಅವಳಪ್ಪ ಮಾಡುತ್ತಿದ್ದದ್ದೂ ಅದನ್ನೇ. ಕಟ್ಟಲು ಹೋದರೆ ಕಣ್ಣ ಮುಂದೆ ಜಗಲಿಯ ಮೇಲಿನ ಆ ಮುಖ ಬಂತು, ಮರದ ಕಡೆ ಎತ್ತಿದ ಕೈ ಬಂತು, ಬೇರೆ ಏನೂ ಬರಲಿಲ್ಲ.

"ನಿಮ್ ತಾತಂಗೆ ಗೊತ್ತಿತ್ತು ಕಣವ್ವ," ಅಂದಳು. "ನಂಗೆ ಎರಡ್ಸಲ ಹೇಳಿದ್ರು."

ಗಿರಿಜಾ ಮುಂದಿನ ಮಾತಿಗೆ ಅವ್ವನ ಬಾಯನ್ನೇ ನೋಡುತ್ತ ನಿಂತಳು.